ಕುರ್ಚಿ ಬಿಟ್ಟ ಮೇಲಿನ ದಿವಾನರು

ವಿಶ್ವೇಶ್ವರಯ್ಯ ಎಂದರೆ ನಮಗೆ ಕನ್ನಂಬಾಡಿ ಕಟ್ಟೆ. ಹೆಚ್ಚೆಂದರೆ ಆರು ವರ್ಷದ ದಿವಾನಗಿರಿ. 1918ರ ಕೊನೆಗೆ ಕುರ್ಚಿ ಬಿಟ್ಟ ಮೇಲೂ ಅವರು ನಲವತ್ತಕ್ಕೂ ಹೆಚ್ಚು ವರ್ಷ ಬದುಕಿದ್ದರು. ನನಗೆ ಆ ಎರಡನೇ ಬಾಳೇ ಕುತೂಹಲದ್ದು. ಅರ್ಜಿಗೆ ರುಜು ಹಾಕುತ್ತಿದ್ದವರು ಉದ್ಯಮಿಗಳ ಪರವಾಗಿ ತಾವೇ ಅರ್ಜಿ ಹಿಡಿದು ನಿಂತ ಬಾಳು ಅದು.

ಬೀಜ ಬಿದ್ದದ್ದು ದಿವಾನರಾಗಿದ್ದಾಗಲೇ. 1913ರಲ್ಲಿ ಮೈಸೂರು ಬ್ಯಾಂಕು, 1916ರಲ್ಲಿ ಮೈಸೂರು ವಾಣಿಜ್ಯ ಮಂಡಳಿ, ಅಂದರೆ ಇಂದಿನ ಎಫ್‌ಕೆಸಿಸಿಐ. ಸರ್ಕಾರದ ಮುಂದೆ ವ್ಯಾಪಾರಿಗಳು ಒಟ್ಟಾಗಿ ಬಾಯಿ ಬಿಡಲಿ ಎಂದು ದಿವಾನರೇ ಮುಂದೆ ನಿಂತು ಮಂಡಳಿ ಕಟ್ಟಿಸಿದ್ದು ಸ್ವಲ್ಪ ತಮಾಷೆಯೇ. 1941ರಲ್ಲಿ, ಎಂಬತ್ತರ ಆಸುಪಾಸಿನಲ್ಲಿ, ಅಖಿಲ ಭಾರತ ತಯಾರಕರ ಸಂಘಕ್ಕೆ ಅಧ್ಯಕ್ಷರಾದರು.

ಈ ವಕಾಲತ್ತಿನ ಕಸುವು ಕಾಣುವುದು ಕಾರು ಕಾರ್ಖಾನೆಯ ಪ್ರಸಂಗದಲ್ಲಿ. 1935ರಲ್ಲಿ ಯುರೋಪು, ಅಮೆರಿಕ ಸುತ್ತಿ, ಕಾರ್ಖಾನೆಗಳನ್ನು ಕಣ್ಣಾರೆ ನೋಡಿ ಯೋಜನೆ ಬರೆದರು. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಮುಂದೆ ಬಂದರು, ಮೈಸೂರು ಸಂಸ್ಥಾನ ಒಲಿಯಿತು, ಬ್ರಿಟಿಷ್ ಸರ್ಕಾರ ಒಲಿಯಲಿಲ್ಲ. ಕಾರು ಬರಲಿಲ್ಲ. ಅದೇ ವಾಲ್‌ಚಂದ್ 1940ರಲ್ಲಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ತೆರೆದರು, ಇವತ್ತಿನ ಎಚ್‌ಎಎಲ್. ನಮ್ಮ ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಅದರ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾದದ್ದು 2023ರ ಫೆಬ್ರವರಿಯಲ್ಲಿ. ಸೋತಲ್ಲೂ ವಿಶ್ವೇಶ್ವರಯ್ಯನವರ ಅರ್ಜಿಗೆ ತೂಕವಿತ್ತು. ಫೈಲು ಯಾವ ಮೇಜಿನ ಮೇಲೆ ನಿಲ್ಲುತ್ತದೆಂದು ಬಲ್ಲವರು, ತಮಗಾಗಿ ಏನನ್ನೂ ಕೇಳದವರು. (ಟಿಕೆಟ್ ತಪ್ಪಿದ ಮೇಲೆ ಸಂಘದ ಅಧ್ಯಕ್ಷಗಿರಿ ಹಿಡಿಯುವವರನ್ನು ಅವರ ಪಕ್ಕ ನಿಲ್ಲಿಸಲು ನನಗೆ ಮನಸ್ಸಿಲ್ಲ.)

ಆದರೆ ಅವರ ಲೆಕ್ಕದ ಪುಸ್ತಕದಲ್ಲಿ ಒಂದು ಕಲಮು ಖಾಲಿ. ಬ್ರಾಹ್ಮಣೇತರರಿಗೆ ಸರ್ಕಾರಿ ಕೆಲಸದಲ್ಲಿ ಪಾಲು ಕೊಡುವ ಬಗ್ಗೆ 1918ರಲ್ಲಿ ಮಹಾರಾಜರು ಮಿಲ್ಲರ್ ಸಮಿತಿ ನೇಮಿಸಿದ್ದು ಅವರಿಗೆ ಹಿಡಿಸಲಿಲ್ಲ. ದಿವಾನಗಿರಿ ಬಿಟ್ಟದ್ದರ ಹಿಂದೆ ಇದೂ ಇತ್ತು. ಅರ್ಹತೆಯೊಂದೇ ಅವರ ಅಳತೆಗೋಲು. ಉದ್ಯಮದಲ್ಲೂ ಹಾಗೆಯೇ: ಉತ್ಪಾದನೆ ಎಷ್ಟು, ತಲಾ ಆದಾಯ ಎಷ್ಟು ಎಂದು ಪಟ್ಟಿ ಮೇಲೆ ಪಟ್ಟಿ, ಯಾರ ಪಾಲಿಗೆ ಎಷ್ಟು ಎನ್ನುವುದು ಹಿಂದೆಯೇ ಉಳಿಯಿತು. ಹಳ್ಳಿಗಳನ್ನು ಗುಂಪು ಮಾಡಿ, ಊರಿನವರದೇ ಸಮಿತಿ ಕಟ್ಟಿ ಕಸುಬು ಬೆಳೆಸುವ ಯೋಜನೆಯನ್ನೂ ಅವರು ಮುಂದಿಟ್ಟರು, ನಿಜ. ನನ್ನ ಮಟ್ಟಿಗೆ ಅವರ ಅತ್ಯುತ್ತಮ ಯೋಚನೆ ಅದೇ. ನಂತರ ಬಂದ ಮಂಡಳಿ, ಸಂಘಗಳು ಅದನ್ನು ಕೈಗೆತ್ತಿಕೊಳ್ಳಲಿಲ್ಲ. ಜಮೀನು, ಕರೆಂಟು, ತೆರಿಗೆ ವಿನಾಯಿತಿ ಕೇಳುವುದನ್ನಷ್ಟೇ ಚೆನ್ನಾಗಿ ಕಲಿತವು.

ನಮ್ಮ ಕೋರ ಹೋಬಳಿಯ ವಸಂತನರಸಾಪುರ ಕೈಗಾರಿಕಾ ಪ್ರದೇಶಕ್ಕೆ ಜಮೀನೂ ಬಂತು, ಕರೆಂಟೂ ಬಂತು. 2014ರ ಸೆಪ್ಟೆಂಬರ್‌ನಲ್ಲಿ ಪ್ರಧಾನಿಯೇ ಬಂದು ಫುಡ್ ಪಾರ್ಕ್ ಉದ್ಘಾಟಿಸಿದರು. ಸಂಜೆ ಪಾಳಿ ಬಿಟ್ಟಾಗ ಕೊರಳಿಗೆ ಕಾರ್ಡು ನೇತುಹಾಕಿಕೊಂಡ ಹುಡುಗರು ಹೆದ್ದಾರಿ ಬದಿಯಲ್ಲಿ ಬಸ್ಸಿಗೆ ಕಾಯುತ್ತಾರೆ. ‘ಯಾವ ಕಂಪನೀನಪ್ಪ?’ ಎಂದು ಒಬ್ಬನನ್ನು ಕೇಳಿದೆ. ಅವನು ಹೇಳಿದ್ದು ಕಂಟ್ರಾಕ್ಟರ್ ಹೆಸರು. ಕಾರ್ಡಿನಲ್ಲೂ ಅದೇ ಇತ್ತು.