ಥೈರಾಯ್ಡ್ ಪಾಠದಲ್ಲಿ ಬಿಟ್ಟುಹೋದ ಅರ್ಧ

ನಮ್ಮ ಪ್ರೌಢಶಾಲೆಯ ಜೀವವಿಜ್ಞಾನ ಪಾಠಗಳಲ್ಲಿ ಥೈರಾಯ್ಡ್ ಗ್ರಂಥಿಗೆ ಸಿಗುವ ಜಾಗ ಹೆಚ್ಚೆಂದರೆ ಅರ್ಧ ಪುಟ. ಕುತ್ತಿಗೆಯ ಮುಂಭಾಗದಲ್ಲಿರುವ ಚಿಟ್ಟೆಯಾಕಾರದ ಗ್ರಂಥಿ. ಅದು ಸ್ರವಿಸುವುದು ಥೈರಾಕ್ಸಿನ್. ಅದಕ್ಕೆ ಬೇಕಾದುದು ಅಯೋಡಿನ್. ಅಯೋಡಿನ್ ಕೊರತೆಯಾದರೆ ಗಳಗಂಡ. ಪಾಠ ಮುಗಿಯಿತು. ಪರೀಕ್ಷೆಗೆ ಅಯೋಡಿನ್‌ಯುಕ್ತ ಉಪ್ಪಿನ ಮೇಲೊಂದು ಎರಡು ಅಂಕದ ಪ್ರಶ್ನೆ. ಭೌತವಿಜ್ಞಾನದ ಮೇಷ್ಟ್ರಿಗೆ ಇಲ್ಲೇನು ಕೆಲಸ ಎಂದು ನೀವು ಕೇಳಬಹುದು. ಆ ಪಾಠದಲ್ಲಿ ಬಿಟ್ಟುಹೋಗಿರುವುದರಲ್ಲಿ ಬಹುಪಾಲು ನಮ್ಮ ವಿಷಯವೇ ಎಂಬುದು ನನ್ನ ಉತ್ತರ.

ಇರುವ ಅರ್ಧವನ್ನು ಹಳಿಯುತ್ತಿಲ್ಲ. ಇಂದಿನ ಹಿಮಾಚಲ ಪ್ರದೇಶದ ಕಾಂಗ್ರಾ ಕಣಿವೆಯಲ್ಲಿ ವಿ. ರಾಮಲಿಂಗಸ್ವಾಮಿ ಮತ್ತು ಸಂಗಡಿಗರು 1956ರಲ್ಲಿ ಒಂದು ಪ್ರಯೋಗ ಆರಂಭಿಸಿದರು. ಕಣಿವೆಯ ಕೆಲವು ಭಾಗಕ್ಕೆ ಅಯೋಡಿನ್ ಸೇರಿಸಿದ ಉಪ್ಪು, ಇನ್ನೊಂದು ಭಾಗಕ್ಕೆ ಸಾದಾ ಉಪ್ಪು ಹಂಚಿ ಹೋಲಿಸಿದರು. ಅಯೋಡಿನ್ ಸಿಕ್ಕ ಕಡೆ ಗಳಗಂಡ ಇಳಿಯಿತು. ದೇಶದ ಉಪ್ಪಿನ ನೀತಿಗೆ ಆಧಾರವಾದ ಈ ಪ್ರಯೋಗ ಪಾಠದಲ್ಲಿ ಹೆಸರು ಸಹಿತ ಬರಬೇಕಿತ್ತು.

ತೊಂದರೆ ಇರುವುದು ಮುಂದೆ. 'ಅಯೋಡಿನ್ ಕಡಿಮೆಯಾದರೆ ಗಳಗಂಡ' ಎಂಬ ಮಾತು ಮಕ್ಕಳ ತಲೆಯಲ್ಲಿ ತಿರುಗುಮುರುಗಾಗಿ, 'ಗಳಗಂಡ ಬಂದರೆ ಅಯೋಡಿನ್ ಕಡಿಮೆ' ಎಂದಾಗುತ್ತದೆ. ಇದು ತಪ್ಪು, ಕೆಲವೊಮ್ಮೆ ಅಪಾಯಕಾರಿ ತಪ್ಪು. 1835ರಲ್ಲಿ ಡಬ್ಲಿನ್ನಿನ ರಾಬರ್ಟ್ ಗ್ರೇವ್ಸ್, 1840ರಲ್ಲಿ ಜರ್ಮನಿಯ ಕಾರ್ಲ್ ಫಾನ್ ಬಾಸೆಡೋ ವಿವರಿಸಿದ ರೋಗದಲ್ಲೂ ಕುತ್ತಿಗೆ ಊದಿಕೊಳ್ಳುತ್ತದೆ. ಆದರೆ ಅಲ್ಲಿ ಹಾರ್ಮೋನು ಕಡಿಮೆಯಲ್ಲ, ವಿಪರೀತ ಹೆಚ್ಚು. ಎದೆ ಹೊಡೆದುಕೊಳ್ಳುತ್ತದೆ, ಕೈ ನಡುಗುತ್ತದೆ, ಸೆಖೆ ತಡೆಯಲಾಗುವುದಿಲ್ಲ, ಚೆನ್ನಾಗಿ ಉಂಡರೂ ತೂಕ ಇಳಿಯುತ್ತದೆ. ಈ ರೋಗ ಹೆಂಗಸರಲ್ಲಿ ಹೆಚ್ಚು, ಹದಿಹರೆಯದಲ್ಲೂ ಬರುವುದುಂಟು. ಬರೆಯುವಾಗ ಬೆರಳು ನಡುಗುವ, ಒಂದೆಡೆ ಕೂರಲಾಗದ, ಅಂಕ ಕಡಿಮೆಯಾಗುತ್ತಿರುವ ಹುಡುಗಿಯನ್ನು 'ಪರೀಕ್ಷೆಯ ಭಯ' ಎಂದು ಗದರಿಸಿ ಕೂರಿಸುವ ಮೊದಲು ಶಿಕ್ಷಕರಿಗೆ ಇದು ತಿಳಿದಿರಬೇಕು.

ಎರಡೂ ಕಡೆ ಗಳಗಂಡ ಏಕೆ? ಗ್ರಂಥಿಯನ್ನು ಯಾರು ದುಡಿಸಿದರೂ ಅದು ಬೆಳೆಯುತ್ತದೆ. ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ರಕ್ತದಲ್ಲಿನ ಥೈರಾಯ್ಡ್ ಹಾರ್ಮೋನಿನ ಮಟ್ಟ ನೋಡಿಕೊಂಡು ಟಿಎಸ್‌ಎಚ್ ಎಂಬ ಆಜ್ಞೆ ಕಳಿಸುತ್ತದೆ. ಹಾರ್ಮೋನು ಇಳಿದರೆ ಆಜ್ಞೆ ಜೋರು, ಏರಿದರೆ ಆಜ್ಞೆ ಬಂದ್. ನಿಮ್ಮ ಬಚ್ಚಲುಮನೆಯ ಗೀಸರಿನ ಥರ್ಮೋಸ್ಟಾಟ್ ಮಾಡುವುದೂ ಇದನ್ನೇ. ಅಯೋಡಿನ್ ಕೊರತೆಯಲ್ಲಿ ಟಿಎಸ್‌ಎಚ್ ಹೆಚ್ಚಿ ಗ್ರಂಥಿಯನ್ನು ದುಡಿಸಬಹುದು. ಗ್ರೇವ್ಸ್ ರೋಗದಲ್ಲಿ ದೇಹದ ಪ್ರತಿಕಾಯಗಳೇ ಟಿಎಸ್‌ಎಚ್‌ನ ವೇಷ ತೊಟ್ಟು ಗ್ರಂಥಿಯ ಗುಂಡಿ ಒತ್ತುತ್ತವೆ. ಥರ್ಮೋಸ್ಟಾಟನ್ನು ಬಳಸಿಕೊಂಡು ಹೋಗುವ ಕಳ್ಳ ತಂತಿಯೊಂದನ್ನು ಯಾರೋ ಜೋಡಿಸಿದ ಹಾಗೆ: ಥರ್ಮೋಸ್ಟಾಟ್ 'ಸಾಕು' ಎನ್ನುತ್ತಲೇ ಇರುತ್ತದೆ, ನೀರು ಕುದಿಯುತ್ತಲೇ ಇರುತ್ತದೆ.

ಇದನ್ನು ಹೇಳಿಕೊಡದ ಕಾರಣ ಪ್ರಯೋಗಾಲಯದ ವರದಿ ಓದುವವರಿಗೆ ಗೊಂದಲ. 'ಟಿಎಸ್‌ಎಚ್ ಜಾಸ್ತಿ, ಅಂದರೆ ಥೈರಾಯ್ಡ್ ಜಾಸ್ತಿ' ಎಂಬ ಮಾತು ಪತ್ರಿಕೆಗಳ ಆರೋಗ್ಯ ಅಂಕಣಗಳಲ್ಲೂ ನುಸುಳುತ್ತದೆ. ಸಾಮಾನ್ಯವಾಗಿ ಸಂಗತಿ ಇದರ ವಿರುದ್ಧ. ('ನನಗೆ ಥೈರಾಯ್ಡ್ ಇದೆ' ಎನ್ನುವವರೂ ಬಹಳ. ಇಲ್ಲದಿದ್ದರಲ್ಲವೇ ಚಿಂತೆ!) ಟಿಎಸ್‌ಎಚ್‌ನ ಸಹಜ ವ್ಯಾಪ್ತಿ ಲೀಟರಿಗೆ ಸುಮಾರು 0.4ರಿಂದ 4 ಮಿಲಿ ಘಟಕ. ಥೈರಾಕ್ಸಿನ್ ಅರ್ಧಕ್ಕಿಳಿದರೆ ಟಿಎಸ್‌ಎಚ್ ಎರಡು ಪಟ್ಟಲ್ಲ, ಹತ್ತಾರು ಪಟ್ಟು, ನೂರು ಪಟ್ಟಿನವರೆಗೂ ಏರಬಲ್ಲದು. ಲಾಗರಿತಮ್ ಎಲ್ಲಿ ಉಪಯೋಗಕ್ಕೆ ಬರುತ್ತದೆ ಎಂದು ಕೇಳುವ ವಿದ್ಯಾರ್ಥಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು. ಅಳೆಯುವ ವಿಧಾನಕ್ಕೂ ದೋಷಗಳಿವೆ. ಕೂದಲಿಗೆಂದು ನುಂಗುವ ಹೆಚ್ಚು ಪ್ರಮಾಣದ ಬಯೋಟಿನ್ ಮಾತ್ರೆ ಕೆಲವು ಬಗೆಯ ಪರೀಕ್ಷೆಗಳನ್ನು ಕೆಡಿಸಿ, ಇಲ್ಲದ ಅತಿಸ್ರಾವವನ್ನು ತೋರಿಸಬಲ್ಲದು. ರಕ್ತ ಕೊಡುವಾಗ ಆ ಮಾತ್ರೆಯ ವಿಷಯವನ್ನು ಹೇಳಿಬಿಡಬೇಕು.

ಇನ್ನು ಕಾಲದ ಮಾತು. ರಕ್ತದಲ್ಲಿ ಥೈರಾಕ್ಸಿನ್ನಿನ ಅರ್ಧಾಯು ಸುಮಾರು 7 ದಿನ. ಮಾತ್ರೆಯ ಪ್ರಮಾಣ ಬದಲಿಸಿದ ಮೇಲೆ ವೈದ್ಯರು ಆರು ವಾರ ಬಿಟ್ಟು ಬನ್ನಿ ಎನ್ನುವುದರ ಹಿಂದೆ ಇರುವುದು ಈ ಲೆಕ್ಕ. ಆರು ಅರ್ಧಾಯು ಕಳೆದರೆ ಹೊಸ ಮಟ್ಟದ 98 ಶೇಕಡಾ ಮುಟ್ಟಿದಂತೆ. ಹತ್ತು ದಿನಕ್ಕೇ ಪರೀಕ್ಷೆ ಮಾಡಿಸಿ 'ಔಷಧಿ ನಾಟಲಿಲ್ಲ' ಎನ್ನುವವರು ಘಾತೀಯ ವಕ್ರರೇಖೆಯ ಮಧ್ಯದಲ್ಲಿ ನಿಂತು ಜಗಳ ಮಾಡುತ್ತಿರುತ್ತಾರೆ.

ಅಪಾಯಕಾರಿ ತಪ್ಪು ಎಂದೆನಲ್ಲ, ಅದಕ್ಕೆ ಬರೋಣ. ಆಸ್ಟ್ರೇಲಿಯದ ಟಾಸ್ಮೇನಿಯದಲ್ಲಿ ಗಳಗಂಡ ತಡೆಯಲು 1966ರಲ್ಲಿ ಬ್ರೆಡ್ಡಿಗೆ ಅಯೋಡಿನ್ ಸೇರಿಸತೊಡಗಿದಾಗ ಅತಿಸ್ರಾವದ ರೋಗಿಗಳು ಹೆಚ್ಚಿದರು. ಇವರಲ್ಲಿ ಬಹಳಷ್ಟು ಮಂದಿ ಹಳೆಯ ಗಂಟುಗಟ್ಟಿದ ಗಳಗಂಡವಿದ್ದ ವಯಸ್ಸಾದವರು. ಕೊರತೆಯ ವರ್ಷಗಳಲ್ಲಿ ಬೆಳೆದ ಆ ಗಂಟುಗಳು ಪಿಟ್ಯುಟರಿಯ ಮಾತು ಕೇಳುತ್ತಿರಲಿಲ್ಲ. ಕಚ್ಚಾಮಾಲು ಸಿಕ್ಕೊಡನೆ ಉತ್ಪಾದನೆಗಿಳಿದವು. ಕಾಲ ಕಳೆದಂತೆ ಈ ಏರಿಕೆ ಇಳಿಯಿತು. ಇದು ಉಪ್ಪಿನ ಅಯೋಡಿನ್ನಿನ ವಿರುದ್ಧ ವಾದವಲ್ಲ. ಆದರೆ ಕುತ್ತಿಗೆ ಊದಿದವರೆಲ್ಲ ತಾವಾಗಿ ಅಯೋಡಿನ್ ಹನಿಯನ್ನೋ ಕಡಲಕಳೆಯ ಮಾತ್ರೆಯನ್ನೋ ನುಂಗಬಾರದು ಎಂಬುದಕ್ಕೆ ಖಂಡಿತ ವಾದ.

ನಮ್ಮ ಭೌತವಿಜ್ಞಾನದ ಪುಸ್ತಕಗಳನ್ನೂ ಬಿಡುವಂತಿಲ್ಲ. ಅಲ್ಲಿ ವಿಕಿರಣಶೀಲ ಅಯೋಡಿನ್ ಬಂದರೆ 1986ರ ಚೆರ್ನೊಬಿಲ್ ಜೊತೆಗೆ, ವಿಷವಾಗಿ ಮಾತ್ರ. ಚೆರ್ನೊಬಿಲ್ಲಿನಲ್ಲಿ ಮಕ್ಕಳಿಗೆ ಥೈರಾಯ್ಡ್ ಕ್ಯಾನ್ಸರ್ ತಂದದ್ದು ನಿಜ. ಅದೇ ಅಯೋಡಿನ್-131 ಅತಿಸ್ರಾವಕ್ಕೆ ದಶಕಗಳಿಂದ ಮದ್ದೂ ಹೌದು. 1936ರ ನವೆಂಬರಿನಲ್ಲಿ ಬಾಸ್ಟನ್ನಿನ ವೈದ್ಯರ ಮುಂದೆ ಭೌತವಿಜ್ಞಾನಿ ಕಾರ್ಲ್ ಕಾಂಪ್ಟನ್ ಉಪನ್ಯಾಸ ಮಾಡಿದಾಗ ಸಾಲ್ ಹರ್ಟ್ಸ್ ಎಂಬ ವೈದ್ಯ ಕೇಳಿದ್ದು, ಅಯೋಡಿನ್ನನ್ನು ಕೃತಕವಾಗಿ ವಿಕಿರಣಶೀಲ ಮಾಡಬಹುದೇ ಎಂದು. ಹರ್ಟ್ಸ್, ಆರ್ಥರ್ ರಾಬರ್ಟ್ಸ್ ಮತ್ತು ರಾಬ್ಲಿ ಇವಾನ್ಸ್ ಕೂಡಿ 25 ನಿಮಿಷ ಅರ್ಧಾಯುವಿನ ಅಯೋಡಿನ್-128ನ್ನು ಮೊಲಗಳಿಗೆ ಕೊಟ್ಟು, ಅದು ಥೈರಾಯ್ಡಿನಲ್ಲಿ ಸೇರುವುದನ್ನು ಅಳೆದರು. 1938ರಲ್ಲಿ ಲಿವಿಂಗುಡ್ ಮತ್ತು ಸೀಬೋರ್ಗ್ ಅಯೋಡಿನ್-131ನ್ನು ಕಂಡುಹಿಡಿದರು. 1941ರಲ್ಲಿ ಹರ್ಟ್ಸ್ ಸೈಕ್ಲೊಟ್ರಾನಿನಲ್ಲಿ ತಯಾರಾದ ವಿಕಿರಣಶೀಲ ಅಯೋಡಿನ್ನನ್ನು ರೋಗಿಗೆ ಕೊಟ್ಟರು. ಈಗ ನಮ್ಮ ಟ್ರಾಂಬೆಯಲ್ಲೂ ಅಯೋಡಿನ್-131 ತಯಾರಾಗುತ್ತದೆ.

ದ್ವಿತೀಯ ಪಿಯುಸಿಯ ತರಗತಿಗೆ ಒಂದು ಲೆಕ್ಕ ಕೊಡಿ. ಅಯೋಡಿನ್-131ರ ಭೌತಿಕ ಅರ್ಧಾಯು 8 ದಿನ. ಗ್ರಂಥಿಯಿಂದ ಅದು ಹೊರಬೀಳುವ ಜೈವಿಕ ಅರ್ಧಾಯು ಒಬ್ಬ ರೋಗಿಯಲ್ಲಿ 24 ದಿನ ಎಂದಿಟ್ಟುಕೊಳ್ಳಿ. ಪರಿಣಾಮೀ ಅರ್ಧಾಯು ಎಷ್ಟು? ಸಮಾಂತರ ರೋಧಕಗಳ ಸೂತ್ರವೇ ಇಲ್ಲೂ ನಡೆಯುತ್ತದೆ. ಉತ್ತರ 6 ದಿನ. ಅದರ ಬೀಟಾ ಕಣಗಳು ಅಂಗಾಂಶದಲ್ಲಿ ಎರಡು ಮಿಲಿಮೀಟರಿನಷ್ಟರೊಳಗೇ ನಿಂತುಹೋಗುತ್ತವೆ. ಹಾಗಿದ್ದೂ ಚಿಕಿತ್ಸೆ ಪಡೆದವರಿಗೆ ಕೆಲವು ದಿನ ಮಕ್ಕಳನ್ನು ಎತ್ತಿಕೊಳ್ಳಬೇಡಿ, ಗರ್ಭಿಣಿಯರ ಹತ್ತಿರ ಹೆಚ್ಚು ಹೊತ್ತು ಇರಬೇಡಿ ಎಂದು ಹೇಳಿ ಕಳಿಸುತ್ತಾರೆ. ಏಕೆ ಎಂದು ವಿದ್ಯಾರ್ಥಿಗಳನ್ನು ಕೇಳಿ. 364 ಕಿಲೊ ಎಲೆಕ್ಟ್ರಾನ್‌ವೋಲ್ಟಿನ ಗಾಮಾ ಕಿರಣವನ್ನು ಯಾರು ನೆನಪಿಸಿಕೊಳ್ಳುತ್ತಾರೆ ನೋಡೋಣ.