ಹೊಗಳಿಕೆ ಬಟ್ಟೆಗೆ, ಕೆಲಸ ಒಗೆತದ್ದು

ಕಾರು ಒರೆಸುವ ಮೈಕ್ರೋಫೈಬರ್ ಬಟ್ಟೆಗೆ ಸಿಗುತ್ತಿರುವ ಹೊಗಳಿಕೆಯಲ್ಲಿ ದೊಡ್ಡ ಪಾಲು ಅದನ್ನು ಒಗೆಯುವವರಿಗೆ ಸಲ್ಲಬೇಕು. ಪ್ಯಾಕೆಟ್ಟಿನ ಮೇಲೆ ಅಚ್ಚಾಗಿರುವುದೆಲ್ಲ ಹೊಸ ಬಟ್ಟೆಯ ಮಾತು. ಒಗೆದೊಗೆದು ಹಳತಾದ ಮೇಲೆ ಅದರಲ್ಲಿ ಉಳಿಯುವುದೇನು ಎಂದು ಕೇಳಬೇಕು. ಕೇಳಲು ಆಂಧ್ರದ ಮದ್ದಿಕೇರದಂಥ ಊರೇ ಸರಿ. ಬೋರಿನ ಸವುಳು ನೀರು, ಎರೆಹೊಲದ ದೂಳು, ಸುತ್ತಲ ಹತ್ತಿ, ಮೂರೂ ಈ ಬಟ್ಟೆಗೆ ಆಗಿಬರುವುದಿಲ್ಲ.

ಎಳೆಯ ಪುರಾಣ ಗೊತ್ತಿರುವುದೇ. 1970ರಲ್ಲಿ ಜಪಾನಿನ ಟೋರೆ ಕಂಪನಿಯ ಮಿಯೋಷಿ ಒಕಮೊಟೊ ಅತಿಸಣ್ಣ ಎಳೆಗೆ ದಾರಿ ಮಾಡಿದರು. ಇಂದಿನ ಬಟ್ಟೆಯಲ್ಲಿ ಸಾಮಾನ್ಯವಾಗಿ 80 ಪಾಲು ಪಾಲಿಯೆಸ್ಟರ್, 20 ಪಾಲು ನೈಲಾನ್. 9,000 ಮೀಟರ್ ಎಳೆ 1 ಗ್ರಾಂ ಕೂಡ ತೂಗದು. ಸೀಳಿದ ಎಳೆಗಳ ನಡುವಿನ ಸಂದುಗಳು ದೀಪದ ಬತ್ತಿ ಎಣ್ಣೆ ಎಳೆದುಕೊಂಡಂತೆ ನೀರು ಎಳೆದುಕೊಳ್ಳುತ್ತವೆ. ಬಟ್ಟೆಯ ಗುಟ್ಟೆಲ್ಲ ಆ ಸಂದಿನಲ್ಲಿದೆ.

ಆ ಸಂದನ್ನೇ ಮುಚ್ಚುವ ಅಭ್ಯಾಸ ನಮ್ಮಲ್ಲಿ ಬೇರೂರಿದೆ. ಮೆತ್ತಗಾಗಲಿ, ಘಮಘಮ ಅನ್ನಲಿ ಎಂದು ಕೊನೆಯ ಸಲ ಜಾಲಿಸುವ ನೀರಿಗೆ ಒಂದು ಮುಚ್ಚಳ ಫ್ಯಾಬ್ರಿಕ್ ಕಂಡಿಷನರಿನ ನೀಲಿ ದ್ರವ ಬೀಳುತ್ತದೆ. ಆ ದ್ರವದ ಕಣದ ಒಂದು ತುದಿ ಎಳೆಗೆ ಅಂಟಿಕೊಳ್ಳುತ್ತದೆ, ಜಿಡ್ಡಿನ ತುದಿ ಹೊರಗೆ ಚಾಚಿಕೊಳ್ಳುತ್ತದೆ. ಕೈಗೆ ಸಿಗುವ ಮೆತ್ತನೆ ಆ ಜಿಡ್ಡಿನದು. ಒಣಗಿದ ಬಟ್ಟೆಯ ಮೇಲೆ ಒಂದು ಹನಿ ನೀರು ಹಾಕಿ ನೋಡಿ. ಇಂಗದೆ ಮುತ್ತಿನಂತೆ ನಿಂತರೆ ಸಂದು ಕಟ್ಟಿದೆ. ಇಂಥ ಬಟ್ಟೆ ಗಾಜಿನ ಮೇಲೆ ಮಸುಕು ಗೆರೆ ಬಿಡುತ್ತದೆ. ರಾತ್ರಿ ಆದೋನಿ ರಸ್ತೆಯಲ್ಲಿ ಎದುರು ಲಾರಿಯ ಲೈಟು ಬಿದ್ದಾಗ ಆ ಗೆರೆ ಕಣ್ಣು ಕುಕ್ಕುತ್ತದೆ. ನೀರು ಹೋಗುತ್ತಿಲ್ಲವೆಂದು ಒರೆಸುವವನು ಇನ್ನಷ್ಟು ಒತ್ತುತ್ತಾನೆ. ಒತ್ತಿದಷ್ಟೂ ಉಳಿದ ದೂಳಿನ ಕಣ ಬಣ್ಣದ ಮೇಲೆ ಎಳೆದಾಡಿ ಸುರುಳಿ ಗೀರು ಬೀಳುತ್ತದೆ. ಕೊನೆಗೆ ಬೈಗುಳ ಬಟ್ಟೆಗೆ, ಲಾಭ ಅಂಗಡಿಯವನಿಗೆ.

ಸವುಳು ನೀರಿನದು ಇದೇ ಕೆಡುಕಿನ ಇನ್ನೊಂದು ಮುಖ. ಸೋಪಿನ ಬಿಲ್ಲೆ ಉಜ್ಜಿದರೆ ಸುಣ್ಣದಂಶದ ಜೊತೆ ಸೇರಿ ಗಸಿಯಾಗಿ ಎಳೆಯಲ್ಲೇ ಕೂರುತ್ತದೆ. ದ್ರವ ಡಿಟರ್ಜೆಂಟು ಸ್ವಲ್ಪವೇ ಸಾಕು. ಕೊನೆಯ ನೀರಾದರೂ ಸಿಹಿನೀರಾಗಿರಲಿ, ಇಲ್ಲವಾದರೆ ಒಂದಿಷ್ಟು ವಿನೆಗರ್ ಬೀಳಲಿ. ಬ್ಲೀಚ್ ನೈಲಾನನ್ನು ತಿನ್ನುತ್ತದೆ. ಕುದಿನೀರೂ ಬೇಡ, ಬಂಡೆಗೆ ಬಡಿಯುವುದೂ ಬೇಡ. ಆಯುಧಪೂಜೆಯ ವಿಭೂತಿ, ಅರಿಶಿನವನ್ನು ಬಾನೆಟ್ಟಿನಿಂದ ಒಣಬಟ್ಟೆಯಲ್ಲೇ ಉಜ್ಜಿ, ಊರಿನ ವಿಜಯದಶಮಿಯ ಕುದುರೆ ಓಟಕ್ಕೆ ಹೊರಡುವ ಮುಂಚೆ ಆ ಬಟ್ಟೆಯನ್ನು ಲುಂಗಿ, ಟವೆಲ್ಲುಗಳ ಬಕೆಟ್ಟಿಗೇ ಎಸೆಯುವವರಿದ್ದಾರೆ. ಲುಂಗಿಯ ಹತ್ತಿ ನಾರೆಲ್ಲ ಮೈಕ್ರೋಫೈಬರಿಗೆ ಅಂಟುತ್ತದೆ, ಮುಂದಿನ ಸಲ ಕಾರಿಗೆ. ಬೇರೆ ಬಕೆಟ್ಟು, ನೆರಳಲ್ಲಿ ಒಣಗಿಸುವುದು, ದೂಳು ಸೇರದ ಡಬ್ಬಿ, ಇಷ್ಟರಲ್ಲಿ ಕಷ್ಟವೇನಿದೆ?

ಇಲ್ಲಿ ಜಿಎಸ್‌ಎಂ ಪಂಡಿತರೊಡನೆ ಜಗಳ ತಪ್ಪದು. 300ಕ್ಕಿಂತ 500 ಮೇಲು, 500ಕ್ಕಿಂತ 800 ಮೇಲು ಎಂಬುದು ಅವರ ಮಂತ್ರ. ಅದು ಒಂದು ಚದರ ಮೀಟರಿನ ತೂಕವಷ್ಟೇ. ಎಳೆ ಸೀಳಿದೆಯೋ ಇಲ್ಲವೋ ಅದರಿಂದ ತಿಳಿಯದು. ಸವುಳು ನೀರಿನಲ್ಲಿ ದಪ್ಪ ಬಟ್ಟೆಯನ್ನು ಜಾಲಿಸಿ ಮುಗಿಸುವುದೇ ದೊಡ್ಡ ಪಾಡು ಎಂಬುದನ್ನು ಅವರು ಹೇಳುವುದಿಲ್ಲ. ಇನ್ನೊಂದು ಕಡೆ ವಾಟರ್ ಸರ್ವೀಸಿನ ಹಳಬರು: ಬನಿಯನ್ ವೇಸ್ಟಿನಲ್ಲೇ ಅಂಬಾಸಿಡರ್ ಮಿಂಚುತ್ತಿರಲಿಲ್ಲವೇ? ಮಿಂಚುತ್ತಿತ್ತು, ಬಿಳಿ ಬಣ್ಣದಲ್ಲಿ ಸಣ್ಣ ಗೀರು ಕಾಣುತ್ತಿರಲಿಲ್ಲವಾದ್ದರಿಂದ. ಇಂದಿನ ಕಪ್ಪು ಕಾರಿನ ಕ್ಲಿಯರ್‌ಕೋಟಿನ ಮೇಲೆ ಅದೇ ಗೀರು ಬಿಸಿಲಿಗೆ ಬಲೆಯಂತೆ ಎದ್ದು ಕಾಣುತ್ತದೆ. ಇಂಜಿನ್ ಗ್ರೀಸಿಗೆ ಬನಿಯನ್ ವೇಸ್ಟೇ ಸರಿ ಎಂಬಲ್ಲಿ ಮಾತ್ರ ಅವರ ಮಾತು ಒಪ್ಪತಕ್ಕದ್ದು.

ಒಗೆತಕ್ಕೂ ಮಿತಿಯುಂಟು. ಸೆರಾಮಿಕ್ ಕೋಟಿಂಗ್ ಒರೆಸಿದ ಬಟ್ಟೆ ಗಟ್ಟಿಯಾಗಿ ಗೀರುತ್ತದೆ, ಅದನ್ನು ಬಿಸಾಡುವುದೇ ಸರಿ. ಉಳಿದ ಬಟ್ಟೆಗಳಿಗೆ ಅಂಕ ಕೊಡುವುದಾದರೆ ಹತ್ತನೇ ಒಗೆತ ಆದ ಮೇಲೆ ಕೊಡಿ. ಆಗ ದುಬಾರಿ ಪ್ಯಾಕೆಟ್ಟುಗಳಲ್ಲಿ ಎಷ್ಟೋ ಫೇಲಾಗುತ್ತವೆ, ಜೋಪಾನ ಮಾಡಿದ ಅಗ್ಗದ ಬಟ್ಟೆ ಪಾಸಾಗುತ್ತದೆ.