ನೀಲನಿಗೆ ಯಾವ ಪುಸ್ತಕ?

ಶಿವರಾಮ ಕಾರಂತರನ್ನು ನಾವು ಕಾದಂಬರಿಕಾರರೆಂದು ಓದುತ್ತೇವೆ. ಮಕ್ಕಳ ಲೇಖಕ ಕಾರಂತರನ್ನು ನಮ್ಮ ವಿಮರ್ಶೆ ಮುಟ್ಟಿದ್ದು ಕಡಿಮೆ. ಚಿತ್ರಕಲೆ, ಯಕ್ಷಗಾನ ಎಲ್ಲದರಲ್ಲೂ ಕೈಯಾಡಿಸಿ, ಪುತ್ತೂರಿನ ಬಾಲವನದಲ್ಲಿ ಮಕ್ಕಳ ಕಲಿಕೆಯ ಪ್ರಯೋಗ ನಡೆಸಿದವರು 1936ರಲ್ಲಿ ‘ಬಾಲ ಪ್ರಪಂಚ’ದ ಮೂರು ಸಂಪುಟಗಳನ್ನು ಕೊಟ್ಟರು. ಕನ್ನಡದ ಮಗುವಿಗೆ ಪುರಾಣದಷ್ಟೇ ಸಾಲದು, ಲೋಕಜ್ಞಾನವೂ ಬೇಕು ಎಂದ ಆ ಕೆಲಸ ಸಣ್ಣದಲ್ಲ.

ಆದರೆ ಅದಕ್ಕೂ ಮೂರು ವರ್ಷ ಮೊದಲು, 1933ರಲ್ಲಿ, ಇದೇ ಕಾರಂತರ ‘ಚೋಮನ ದುಡಿ’ ಬಂದಿತ್ತು. ಅಲ್ಲಿ ಚೋಮನ ಮಗ ನೀಲ ನೀರಿನಲ್ಲಿ ಮುಳುಗುತ್ತಾನೆ. ದಡದಲ್ಲಿ ಜನ ಇದ್ದಾರೆ, ಮುಟ್ಟುವವರಿಲ್ಲ. ಎರಡನ್ನೂ ಒಟ್ಟಿಗಿಟ್ಟು ಓದಿದಾಗ ನನಗೆ ಏಳುವ ಪ್ರಶ್ನೆ ಒಂದೇ: ನೀಲ ಬದುಕಿದ್ದರೆ ‘ಬಾಲ ಪ್ರಪಂಚ’ ಅವನ ಕೈಗೆ ಬರುತ್ತಿತ್ತೇ? ಧಣಿಯ ಸಾಲಕ್ಕೆ ಮೈ ಒತ್ತೆಯಿಟ್ಟ ಗುಡಿಸಲಿಗೆ ಅದು ಎಲ್ಲಿಂದ ಬಂದೀತು? ಇದು ಕಾರಂತರ ಮೇಲಿನ ದೂರಲ್ಲ. ‘ಮಗು’ ಅನ್ನೋ ಪದಕ್ಕೇ ಜಾತಿ ಇತ್ತು ಅನ್ನೋ ಮಾತು. ದಲಿತ ಮಗು ದೊಡ್ಡವರ ಕಾದಂಬರಿಯಲ್ಲಿ ಮರುಕದ ವಸ್ತುವಾಯಿತು. ಮಕ್ಕಳ ಪುಸ್ತಕದ ಓದುಗನಾಗಲು ಬಹಳ ಕಾಯಬೇಕಾಯಿತು.

ಅದೇ 1936ರಲ್ಲಿ ಅಂಬೇಡ್ಕರರ ‘ಜಾತಿ ವಿನಾಶ’ ಅಚ್ಚಾಯಿತು. ಶಾಲೆಯಲ್ಲಿ ಗೋಣಿತಟ್ಟಿನ ಮೇಲೆ ಕೂತು, ಜವಾನ ನಲ್ಲಿ ತಿರುಗಿಸದಿದ್ದರೆ ಬಾಯಾರಿಯೇ ಇರಬೇಕಿದ್ದ ಹುಡುಗ ಬರೆದದ್ದು ಅದು. ಆ ಬಾಯಾರಿಕೆಯನ್ನು 2011ರ ‘ಭೀಮಾಯನ’ದಲ್ಲಿ ಗೊಂಡ ಕಲಾವಿದರಾದ ದುರ್ಗಾಬಾಯಿ ಮತ್ತು ಸುಭಾಷ್ ವ್ಯಾಮ್ ಬರೆದ ರೀತಿ ನೋಡಿ: ಚಿತ್ರಗಳನ್ನು ಚೌಕಗಳಲ್ಲಿ ಕೂಡಿಹಾಕಲು ಅವರು ಒಪ್ಪಲಿಲ್ಲ. ನೀರಡಿಸಿದ ಭೀಮನ ಮೈ ಮೀನಾಗುತ್ತದೆ. ಮೆದು ಮಾತಿಗೆ ಹಕ್ಕಿಯ ಆಕಾರ, ಜಾತಿಯ ಮಾತಿಗೆ ಚೇಳಿನ ಕೊಂಡಿ. ಇಲ್ಲಿ ಮರುಕ ಬೇಡುವ ಮಗುವಿಲ್ಲ. ಯಾವ ಮಾತು ಕುಟುಕಿತು ಅಂತ ಓದುವ ಮಗುವಿಗೆ ಗೊತ್ತಾಗುತ್ತದೆ. ಕನ್ನಡದಲ್ಲೂ ಎಚ್.ಎಸ್. ಬ್ಯಾಕೋಡರ ‘ನಾನೂ ಅಂಬೇಡ್ಕರ್’ಗೆ 2020ರ ಸಾಹಿತ್ಯ ಅಕಾಡೆಮಿ ಬಾಲ ಪುರಸ್ಕಾರ ಬಂತು. ಆ ‘ನಾನೂ’ ಎಂಬ ಪದದ ಮೇಲೆ ನನಗೆ ಭರವಸೆ.

ನಮ್ಮ ರಾಮಥಾಳದ ಕಡೆ ಹುಡುಗರಿಗೆ ಐಹೊಳೆ, ಬಾದಾಮಿ ತೋರಿಸಿ ರಾಜರ ಹೆಸರು ಹೇಳ್ತೀವಿ. ಕಲ್ಲು ಎಳೆದವರು ಯಾರು ಅಂತ ಹುಡುಗ ಕೇಳಿದ್ರ ಏನು ಹೇಳೂದು? ಇಳಕಲ್ಲಿನ ಕೆಂಪು ಗ್ರಾನೈಟಿನ ಕ್ವಾರಿಯಲ್ಲಿ ಇವತ್ತೂ ಕಲ್ಲು ಒಡೆಯುವವರ ಮಕ್ಕಳಿಗೆ ತಮ್ಮ ಓಣಿ, ತಮ್ಮ ಅವ್ವ ಇರುವ ಚಿತ್ರಪುಸ್ತಕ ಬೇಕು. ದಲಿತ ವಿಮರ್ಶೆ ಕಾದಂಬರಿ, ಕಾವ್ಯಕ್ಕೇ ನಿಲ್ಲದೆ ಒಂದನೆಯ ಇಯತ್ತೆಯ ಪುಸ್ತಕದ ಚಿತ್ರಗಳನ್ನೂ ಓದಬೇಕು: ಅದರಲ್ಲಿ ಯಾರ ಮನೆ ಇದೆ, ಬರೆದ ಕೈ ಯಾರದು ಎಂದು ಕೇಳುತ್ತ.